ಬಾಗಿಲ ಬಳಿಯ ಕುರ್ಚಿ

ರಾಜಧಾನಿಯಲ್ಲಿ ಸರ್ಕಾರ ಬಿದ್ದ ಮರುವಾರ ನಾರಿನ್ ಊರಿನ ನಮ್ಮ ಕಾಲೇಜಿಗೂ ಹೊಸ ಮುಖ್ಯಸ್ಥರು ಬಂದರು. ಎರಡನೇ ಮಹಡಿಯ ಕಂಪ್ಯೂಟರ್ ಕೋಣೆಯನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಕೆಲಸವನ್ನು ಅವರು ಹಿರಿಯ ಪ್ರಾಧ್ಯಾಪಕ ಸಗಿನ್‌ಬೈ ಅವರಿಗೆ ಒಪ್ಪಿಸಿದರು. ಆ ಕೋಣೆಯಲ್ಲಿ ಶನಿವಾರಗಳಂದು ಜಿಪರ್ ಎಂಬ ಅಧ್ಯಾಪಕಿ ವಿದ್ಯಾರ್ಥಿಗಳಿಂದ ಕಿರ್ಗಿಜ್ ಭಾಷೆಯ ಮುಕ್ತ ವಿಶ್ವಕೋಶಕ್ಕೆ ಲೇಖನ ಬರೆಸುತ್ತಿದ್ದಳು. ಅವರಲ್ಲಿ ಹೆಚ್ಚಿನವರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಕೋಣೆ ಹೋದರೆ ಕೆಲಸವೂ ಹೋದಂತೆ. ಲೆಕ್ಕಶಾಸ್ತ್ರ ವಿಭಾಗದವರು ಆಗಲೇ ಬಂದು ಅಳತೆ ತೆಗೆದುಕೊಂಡು ಹೋಗಿದ್ದರು.

ಸಗಿನ್‌ಬೈ ಜಿಪರ್‌ಗೂ ಪಾಠ ಹೇಳಿದವರು; ಎಲ್ಲರೂ ಅವರನ್ನು ಅಗಾಯ್, ಅಂದರೆ ಮೇಷ್ಟ್ರು, ಎಂದೇ ಕರೆಯುತ್ತಿದ್ದರು. ಮೊದಲ ದಿನ ಬಂದವರೇ ಕೇಳಿದರು:

"ನಿನ್ನ ವಿಶ್ವಕೋಶದಲ್ಲಿ ಇವತ್ತು ಪ್ರಧಾನಿ ಯಾರಮ್ಮಾ? ಬೆಳಿಗ್ಗೆ ಒಬ್ಬ ಇದ್ದ, ಊಟ ಮಾಡಿ ಬರೋದ್ರೊಳಗೆ ಇನ್ನೊಬ್ಬ ಕೂತಿದ್ದ."

"ಅದಕ್ಕೆ ನಾವೇನು ಮಾಡೋಣ ಅಗಾಯ್? ದೇಶ ಬದಲಾಯಿಸ್ತು, ನಾವು ಬರ್ಕೊಂಡ್ವಿ."

ವಿದ್ಯಾರ್ಥಿಗಳು ನಗು ತಡೆದುಕೊಂಡರು. ಸಗಿನ್‌ಬೈ ನಗಲಿಲ್ಲ. "ದಾರೀಲಿ ಹೋಗೋ ಯಾರು ಬೇಕಾದ್ರೂ ಗೀಚೋ ಗೋಡೆಗೆ ವಿಶ್ವಕೋಶ ಅಂತ ಹೆಸರಿಟ್ಟಿದ್ದೀರಿ. ಇರ್ಲಿ, ನಾನೂ ಒಂದು ಗೆರೆ ಗೀಚ್ತೀನಿ."

ಬಾಗಿಲಿನಿಂದ ಅತಿ ದೂರದ ಕುರ್ಚಿ ಹಿರಿಯರದು. ಅದನ್ನು ಅವರಿಗಾಗಿ ಖಾಲಿ ಬಿಟ್ಟಿದ್ದರು. ಅವರು ಅಲ್ಲಿ ಕೂತು, ಅಂಗೈ ತೆರೆದು ಎಲ್ಲರನ್ನೂ ಹರಸಿ, ಉಣ್ಣೆಗುಡಾರದ ಲೇಖನಕ್ಕೆ ಒಂದು ಪ್ಯಾರಾ ಸೇರಿಸಿದರು. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ಗುಡಾರದ ಎಡಭಾಗ ಹೆಂಗಸರದು, ಬಲಭಾಗ ಗಂಡಸರದು.

ನಮ್ಮಲ್ಲಿ ಎಡ ಬಲವನ್ನು ಬಾಗಿಲಲ್ಲಿ ನಿಂತು ಒಳಗೆ ನೋಡಿ ಹೇಳುತ್ತಾರೆ. ಹಾಗೆ ನೋಡಿದರೆ ಹೆಂಗಸರ ಭಾಗ ಬಲಕ್ಕಿದೆ. ಬೇಸಿಗೆಯಲ್ಲಿ ಅಜ್ಜಿಯ ಗುಡಾರದಲ್ಲಿ ಮಲಗಿದ ಯಾವ ಮಗುವಿಗಾದರೂ ಇದು ಗೊತ್ತು.

ಆ ದಿನಗಳಲ್ಲಿ ಇಂಟರ್ನೆಟ್ ಬಂದು ಬಂದು ಹೋಗುತ್ತಿತ್ತು. ಬಂದಾಗಲೆಲ್ಲ ವಿದ್ಯಾರ್ಥಿಗಳು ಆ ಲೇಖನಕ್ಕೆ ಚಿತ್ರ ಸೇರಿಸಿದರು, ಅಲ್ಪವಿರಾಮ ಸರಿಪಡಿಸಿದರು. ಆ ವಾಕ್ಯವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಜಿಪರ್ ಕೂಡ ಓದಿದಳು, ಮುಂದಕ್ಕೆ ಸರಿದಳು.

ತಿಂಗಳ ಕೊನೆಯ ಶನಿವಾರ ಸಗಿನ್‌ಬೈ ಮತ್ತೆ ಬಂದರು. ಪರದೆಯ ಮೇಲೆ ಬೆರಳಿಟ್ಟು, "ಈ ಸುಳ್ಳನ್ನ ಬೇಕಂತಲೇ ಬರ್ದೆ. ಇನ್ನೂ ಗಟ್ಟಿಯಾಗಿ ನಿಂತಿದೆ. ಸಾವಿರ ಕಣ್ಣು ಕಾಯ್ತವೆ ಅಂತಿದ್ಯಲ್ಲ ಜಿಪರ್, ಎಲ್ಲಾ ಕಣ್ಣಿಗೂ ಪೊರೆ ಬಂದಿತ್ತಾ?" ಎಂದರು. "ಸೋಮವಾರ ಕೋಣೆ ಲೆಕ್ಕದವರಿಗೆ ಬಿಟ್ಕೊಡು."

ಜಿಪರ್ ವಿದ್ಯಾರ್ಥಿಗಳತ್ತ ತಿರುಗಿದಳು. "ನೀವ್ಯಾರೂ ನೋಡ್ಲೇ ಇಲ್ವಾ?"

ಎಲ್ದಿಯಾರ್ ಎಂಬ ಹುಡುಗ ಎದ್ದು ನಿಂತ. ವಿದ್ಯಾರ್ಥಿಗಳು ಜಿಪರ್‌ಳನ್ನು ಎಜೆ, ಅಂದರೆ ಅಕ್ಕ, ಎನ್ನುತ್ತಿದ್ದರು. "ನೋಡಿದ್ವಿ ಎಜೆ. ಆದ್ರೆ ಬರ್ದಿದ್ದು ಅಗಾಯ್ ಅಲ್ವಾ? ಅವ್ರು ಯಾವಾಗ್ಲೂ ಕೂರೋದು ಬಾಗಿಲಿಗೆ ಎದುರು, ಹಿರಿಯರ ಜಾಗದಲ್ಲಿ. ಅಲ್ಲಿಂದ ನೋಡಿದ್ರೆ ಹೆಂಗಸರು ಎಡಕ್ಕೇ ಬರ್ತಾರೆ. ಅಲ್ಲಿ ಕೂತೇ ಬರ್ದಿರ್ಬೇಕು ಅಂದ್ಕೊಂಡ್ವಿ."

"ಎಲ್ರೂ ಸೇರಿ ಮಾತಾಡ್ಕೊಂಡ್ರಾ?" ಜಿಪರ್ ಕೇಳಿದಳು.

"ಹೂಂ. ಅಗಾಯ್ ತಪ್ಪು ಅನ್ನೋದಕ್ಕಿಂತ ಅದು ಸುಲಭ ಆಯ್ತು."

ಯಾರೋ ಕಿಸಕ್ಕೆಂದರು. ಸಗಿನ್‌ಬೈ ಮುಖದಲ್ಲಿದ್ದ ಗೆಲುವು ಇಳಿಯಿತು. ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ತೋರಿಸಲು ಬಂದಿದ್ದರು. ಇಲ್ಲಿ ಎಲ್ಲರೂ ನೋಡಿದ್ದರು, ಅವರ ಮೇಲಿನ ಗೌರವಕ್ಕೆ ತಿದ್ದಿರಲಿಲ್ಲ.

ಜಿಪರ್ ಅವರ ಎದುರೇ ಕೂತು ಎಡ ಬಲಗಳನ್ನು ಅದಲುಬದಲು ಮಾಡಿದಳು. 'ಬಾಗಿಲಿನಿಂದ ನೋಡಿದಾಗ' ಎಂದು ಸೇರಿಸಿ, ಕೆಳಗೆ ವಸ್ತುಸಂಗ್ರಹಾಲಯದ ಪುಸ್ತಕದ ಆಧಾರ ಕೊಟ್ಟಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಸೋಮವಾರದವರೆಗೆ ಅವರನ್ನು ಬೇಡಿಕೊಳ್ಳಲು ಸಮಯವಿತ್ತು.

"ಅಗಾಯ್, ಇದು ನೀವು ಬೇಕಂತ ಮಾಡಿದ ತಪ್ಪು. ಬೇಕಂತ ಮಾಡದಿರೋದೂ ಒಂದಿದೆ."

"ಏನದು?"

"ನಿಮ್ಮ ಪಠ್ಯಪುಸ್ತಕದಲ್ಲಿ ಗುಡಾರದ ಚಾವಣಿ ಕೋಲುಗಳ ಮೇಲ್ತುದಿಯನ್ನ ನೆತ್ತಿಯ ಬಳೆಗೆ ಕಟ್ತಾರೆ ಅಂತಿದೆ. ಕಟ್ಟೋದು ಕೆಳತುದಿಯನ್ನ, ಗೋಡೆಯ ಜಾಲರಿಗೆ. ಮೇಲ್ತುದಿ ಬಳೆಯ ತೂತಿಗೆ ಸಿಕ್ಕಿಸೋದು. ಓದೋವಾಗ್ಲೇ ನಂಗೆ ಗೊತ್ತಿತ್ತು. ಪರೀಕ್ಷೇಲಿ ನೀವು ಬರ್ದಂಗೇ ಬರ್ದೆ. ಈ ಮಕ್ಕಳೂ ಹಂಗೇ ಬರೀತಿದ್ದಾರೆ."

ನಮ್ಮಲ್ಲಿ ಗುರುವಿಗೆ ಹೀಗೆ ಯಾರೂ ಹೇಳುವುದಿಲ್ಲ, ಅದೂ ನಾಲ್ಕು ಜನರ ಎದುರು.

ಸಗಿನ್‌ಬೈ ಕೇಳಿದರು: "ಯಾವ ಪುಟ?"

ಅವಳು ಹೇಳಿದಳು.

"ಅದು ಮೂರನೇ ಮುದ್ರಣ. ಮುಂದಿನ ಮುದ್ರಣಕ್ಕೆ ದುಡ್ಡು ಎಲ್ಲಿಂದ ಬರುತ್ತೋ, ಯಾವ ಸರ್ಕಾರ ಕೊಡುತ್ತೋ." ಧ್ವನಿಯಲ್ಲಿ ಸಿಟ್ಟಿತ್ತು. ಯಾರ ಮೇಲೆಂದು ತಿಳಿಯಲಿಲ್ಲ.

ಎಲ್ದಿಯಾರ್ ಹಿರಿಯರ ಕುರ್ಚಿಯನ್ನು ಎಳೆದು ಕೊಟ್ಟ. ಸಗಿನ್‌ಬೈ ಅತ್ತ ಹೋಗಲಿಲ್ಲ. ಬಾಗಿಲ ಪಕ್ಕ, ಎಲ್ಲರಿಗಿಂತ ಕಿರಿಯರು ಕೂರುವ ಜಾಗದಲ್ಲಿದ್ದ ಹುಡುಗಿಗೆ, "ಸ್ವಲ್ಪ ಜರುಗಮ್ಮ" ಎಂದು ಕೂತರು.

"ಕೋಲಿನ ವಿಷಯ ಎಲ್ಲಿ ಬರೀಬೇಕು, ತೋರ್ಸು. ನಾನೇ ತಿದ್ತೀನಿ. ನನ್ನ ಪುಸ್ತಕದಲ್ಲಿ ತಪ್ಪಿದೆ ಅಂತಾನೂ ಹಾಕ್ತೀನಿ."

"ಕೋಣೆ ಅಗಾಯ್?"

"ಲೆಕ್ಕದವರಿಗೆ ವಾರದ ದಿನ ಕೊಡ್ತೀನಿ. ಶನಿವಾರ ನಿಂದು." ಕೀಲಿಮಣೆಯ ಮೇಲೆ ಅಕ್ಷರ ಹುಡುಕುತ್ತಾ ಸೇರಿಸಿದರು: "ಪ್ರಧಾನಿ ಹೆಸರು ತಿದ್ದೋಕೆ ಮಾತ್ರ ನಂಗೆ ಹೇಳ್ಬೇಡಿ."