ಕಂಡಂತೆಯೇ ಹೇಳಿದ ಕನಸು

ಮಾರ್ಗಶಿರದ ಮುಂಜಾವು! ಹೆಮ್ಮರಗಾಲದ ಬಯಲಿನ ಮೇಲೆ ಮಂಜು ಹಾಲಿನ ಕೆನೆಯಂತೆ ಹರಡಿ, ಕೊಯ್ದ ಭತ್ತದ ಕೂಳೆಗಳೂ ಕಬ್ಬಿನ ಗರಿಗಳೂ ತೆಂಗಿನ ನೆತ್ತಿಗಳೂ ಒಂದೇ ಶ್ವೇತಸಾಗರದಲ್ಲಿ ಮುಳುಗಿಹೋಗಿದ್ದವು. ನಂಜನಗೂಡಿನ ಸೋಪಾನಗಳನ್ನು ತೊಳೆದು, ತಿರುಮಕೂಡಲಿನಲ್ಲಿ ಕಾವೇರಿಯ ತೋಳು ಸೇರುವ ಆತುರದಲ್ಲಿ ಓಡುವ ಕಪಿಲೆಯು ದಾರಿಯಲ್ಲಿ ಬಿಟ್ಟ ನಿಟ್ಟುಸಿರೇ ಹೀಗೆ ಊರೂರಿನ ಮೇಲೆ ಬಂದು ತಂಗಿತೋ ಎಂಬಂತಿತ್ತು ಆ ಮಂಜು... ಮೂಡಲಿನಲ್ಲಿ ಕುಂಕುಮದ ಒಂದು ಗೆರೆ. ಅದರ ಕೆಳಗೆ ಇನ್ನೂ ಕಣ್ಣುಬಿಡದ ಲೋಕ. ಸಹೃದಯರೇ, ಕಂಡ ಕನಸು ಇಂಥ ಹೊತ್ತಿನಲ್ಲಿಯೇ ಹಸಿಯಾಗಿರುತ್ತದೆ; ಬಿಸಿಲು ತಾಗಿತೆಂದರೆ ಹುಲ್ಲಿನ ಹನಿಯಂತೆ ಆರಿಹೋಗುತ್ತದೆ.

ಅದಕ್ಕೇ ಗುರುಮಲ್ಲಪ್ಪನವರ ಜಗಲಿಯಲ್ಲಿ ಕನಸು ಹೇಳುವ ಹೊತ್ತು ಅದೇ. ಬಾಯಿಗೆ ನೀರು ಸೋಕುವ ಮೊದಲೇ ಹೇಳಿಬಿಡಬೇಕು. ಹದಿನಾರು ಎಂಬ ಊರಿನಿಂದ ಹಿಡಿದು ಸೋಸಲೆಯವರೆಗಿನ ಜನ ಮೊದಲ ಬಸ್ಸು ಹತ್ತಿ ಬಂದು ಆ ವೃದ್ಧರ ಮುಂದೆ ಕನಸು ಒಪ್ಪಿಸುತ್ತಿದ್ದರು. ಅವರು ಕಣ್ಣು ಮುಚ್ಚಿ ಕೇಳಿ, ಒಂದೇ ಮಾತಿನಲ್ಲಿ ಫಲ ಹೇಳುತ್ತಿದ್ದರು. ಐವತ್ತು ವರ್ಷ ಹೀಗೆ ಹೇಳಿದ್ದರು. ಎಲೆಯಡಿಕೆಯ ಹೊರತು ಏನನ್ನೂ ಮುಟ್ಟಿರಲಿಲ್ಲ. ಅವರ ಬಳಗದಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಮದುವೆಯ ಮಾತು ಮುಗಿದ ಹೆಣ್ಣು ಮೂರು ದಿನ ದಿಂಬಿನಡಿ ಬಿಲ್ವಪತ್ರೆ ಇಟ್ಟು ಮಲಗಬೇಕು. ಮೂರನೆಯ ಬೆಳಗು ಎರಡೂ ಕಡೆಯವರ ಮುಂದೆ ಕನಸು ಹೇಳಬೇಕು. ಒಳ್ಳೆಯದಾದರೆ ವೀಳ್ಯ, ಕೆಟ್ಟದಾದರೆ ಗಂಡಿನ ಕಡೆಯವರು ಚಾಪೆ ಬಿಟ್ಟೆದ್ದು ಹೊರಟುಬಿಡುತ್ತಾರೆ. ಗಂಡಿನ ಕನಸನ್ನು ಯಾರೂ ಕೇಳುವುದಿಲ್ಲ.

ಈ ಬೆಳಗಿನ ಸರದಿ ಅವರ ಮೊಮ್ಮಗಳದೇ!

ಎಳವೆಯಲ್ಲೇ ಹೆತ್ತವರನ್ನು ಕಳೆದುಕೊಂಡು ತಾತನ ನೆರಳಿನಲ್ಲಿ ಬೆಳೆದ ನಯನ, ಮೈಸೂರಿನಲ್ಲಿ ಕನಸುಗಳ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದವಳು. ಎರಡು ವರ್ಷ ಎರಡು ತಾಲ್ಲೂಕು ಸುತ್ತಿ ನಾನೂರ ಹದಿನೇಳು ಕನಸುಗಳನ್ನು ಬರೆದುಕೊಂಡಿದ್ದಳು. ಬರೆಯುತ್ತ ಬರೆಯುತ್ತ ಒಂದು ಸಂಗತಿ ಅವಳ ಎದೆಯಲ್ಲಿ ಮುಳ್ಳಿನಂತೆ ನಟ್ಟಿತ್ತು. ಮದುವೆಗೆ ಮುಂಚಿನ ಕನಸುಗಳಲ್ಲಿ ಅರವತ್ತಮೂರು ಹೆಣ್ಣುಮಕ್ಕಳು ಶುಭಫಲದ ಬಿಳಿಯಾನೆ ಕಂಡಿದ್ದರು! ಒಂದೇ ಬಳಗದ ನಿದ್ದೆಗಳಿಗೆ ಇಷ್ಟೊಂದು ಆನೆಗಳು ಎಲ್ಲಿಂದ ಬಂದವು?

ಹೀಗೆ ಸುತ್ತುವಾಗಲೇ ಸೋಸಲೆಯ ಒಂದು ಕೊಟ್ಟಿಗೆಯಲ್ಲಿ ಅವಳಿಗೆ ಮಲ್ಲಿಕಾರ್ಜುನ್ ಸಿಕ್ಕಿದ್ದು. ದನದ ಡಾಕ್ಟರು, ಕರು ಹಾಕಲು ತಿಣುಕುತ್ತಿದ್ದ ಹಸುವಿನ ಪಕ್ಕ ಮೊಣಕಾಲೂರಿ ಕೂತಿದ್ದ.

"ನಂಗೆ ಕನಸೇ ಬೀಳಲ್ಲ ಕಣ್ರೀ. ಮಲಗಿದ್ರೆ ಕಲ್ಲು," ಎಂದಿದ್ದ.

"ಬಿದ್ದಾಗ ಫೋನ್ ಮಾಡಿ," ಎಂದು ನಂಬರು ಕೊಟ್ಟು ಬಂದಿದ್ದಳು.

ಮೂರು ತಿಂಗಳ ಮೇಲೆ, ಆಷಾಢದ ಸೋನೆ ಹಿಡಿದ ಒಂದು ಬೆಳಿಗ್ಗೆ ಫೋನು ಬಂತು. "ಒಂದು ಬಿತ್ತು. ಬರ್ಕೊಳ್ತೀರಾ?"

"ಹೇಳಿ."

"ನೀವು ಸಂಗಮದ ಮರಳ ಮೇಲೆ ಕೂತು ಏನೋ ಬರೀತಿದ್ರಿ. ನಾನು ಪಕ್ಕದಲ್ಲಿ ಸುಮ್ನೆ ಕೂತಿದ್ದೆ."

"ಅಷ್ಟೇನಾ?"

"ಅಷ್ಟೇ. ಎಚ್ಚರ ಆದ್ಮೇಲೆ ಮತ್ತೆ ಮಲಗಿ ನೋಡ್ದೆ. ಬೀಳ್ಲಿಲ್ಲ..."

ಆಹಾ! ಬಿರಿದ ನೆಲಕ್ಕೆ ಮೊದಲ ಮಳೆ ಇಳಿದಂತೆ ಆ ಮಾತು ಅವಳೊಳಗೆ ಸದ್ದಿಲ್ಲದೆ ಇಳಿಯಿತು. ಕೈಯಲ್ಲಿ ಪೆನ್ನಿತ್ತು, ಪುಸ್ತಕವಿತ್ತು. ಆ ಒಂದು ಕನಸನ್ನು ಮಾತ್ರ ಅವಳು ಬರೆದುಕೊಳ್ಳಲಿಲ್ಲ.

ಎರಡೂ ಮನೆಗಳ ನಡುವೆ ಮದುವೆಯ ಮಾತು ಮುಗಿದು, ಈಗ ಮೂರನೆಯ ಬೆಳಗು. ಹಿತ್ತಲಿನಲ್ಲಿ ನೀರೊಲೆಗೆ ಗರಿ ತುರುಕುತ್ತಿದ್ದ ಸೋದರತ್ತೆ ಮಂಗಳಮ್ಮ ತಲೆಯೆತ್ತಿ ನೋಡಿದಳು.

"ಏನ್ ಮಗ, ಮಖ ಇಂಗೈತೆ? ಏನ್ ಕಂಡೆ?"

ನಯನ ಮೆಲ್ಲಗೆ ಹೇಳಿದಳು: ತಲೆ ತುಂಬ ಸುರಿಯುವ ಎಣ್ಣೆ, ಮುಡಿಯಲ್ಲಿ ಕೆಂಪು ಹೂವಿನ ದಂಡೆ, ಹೊಳೆಯ ದಂಡೆ ಹಿಡಿದು ತೆಂಕಲ ದಿಕ್ಕಿಗೆ ನಡಿಗೆ... ಅದು ಸಾವಿನ ಕನಸೆಂದು ಆ ಮನೆಯ ಮಕ್ಕಳಿಗೂ ಗೊತ್ತು. ಮಂಗಳಮ್ಮನ ಕೈಯಿಂದ ಗರಿ ಜಾರಿತು.

"ಬಾಯ್ ಮುಚ್ಕೊ! ಬಿಳೇ ಆನೆ ಕಂಡೆ ಅನ್ನು. ನಾನೂ ಅದ್ನೇ ಯೋಳಿದ್ದು."

"ಅತ್ತೆ! ನೀವೂನಾ?"

"ಮತ್ತೆ? ನಿಜವಾಗ್ಲೂ ಕಂಡಿದ್ದು ನಿಮ್ಮ ಮಾವನ್ನ. ಕಿಟಾರ್ ಅಂತ ಕಿರುಚ್ಕಂಡು ಎದ್ದಿದ್ದೆ. ಮೂವತ್ತೆಂಟು ವರ್ಸ ಸಂಸಾರ ಮಾಡ್ಲಿಲ್ವಾ?"

ನಯನಳಿಗೆ ನಗು ತಡೆಯಲಾಗಲಿಲ್ಲ. "ಬಂಡೀಪುರದಲ್ಲೂ ಇಷ್ಟು ಆನೆ ಇರಲ್ಲ ಅತ್ತೆ!"

ನಗು ನಿಂತ ಮೇಲೆ ಎದೆ ಭಾರವಾಯಿತು. ಒಂದು ಸುಳ್ಳು ಸಾಕು, ಮಲ್ಲಿಕಾರ್ಜುನ್ ಅವಳವನು. ಆದರೆ ಹೀಗೆ ಹೇಳಿದ ಒಂದೊಂದು ಆನೆಯೂ, ಸುಳ್ಳು ಹೇಳಲಾರದ ಮುಂದಿನ ಹುಡುಗಿಯೊಬ್ಬಳ ಬಾಗಿಲಿಗೆ ಅಡ್ಡ ಬಂದು ನಿಲ್ಲುವುದಿಲ್ಲವೇ? ಅವಳು ಸೆರಗು ಬಿಗಿದು ಜಗಲಿಗೆ ನಡೆದಳು.

ಚಾಪೆಯ ಮೇಲೆ ಮಲ್ಲಿಕಾರ್ಜುನನ ತಾಯಿ ಚನ್ನಬಸಮ್ಮ ವೀಳ್ಯದ ತಟ್ಟೆಯನ್ನು ಮುಂದಿಟ್ಟುಕೊಂಡು ಕೂತಿದ್ದರು, ಪಕ್ಕದಲ್ಲಿ ಅವನು. ಗುರುಮಲ್ಲಪ್ಪನವರು ಕಣ್ಣು ಮುಚ್ಚಿದರು. "ಯೋಳು ಮಗ."

ಅವಳು ಕಂಡಂತೆಯೇ ಹೇಳಿದಳು. ಎಣ್ಣೆಯನ್ನೂ, ಕೆಂಪು ಹೂವನ್ನೂ, ತೆಂಕಲನ್ನೂ.

ಚನ್ನಬಸಮ್ಮನ ಕೈ ತಟ್ಟೆಯನ್ನು ತನ್ನತ್ತ ಎಳೆದುಕೊಂಡಿತು. ವೃದ್ಧರು ಕಣ್ಣು ತೆರೆದರು.

"ಇನ್ನೊಂದ್ಸಲ ನೆಪ್ಪು ಮಾಡ್ಕೊ ಮಗ. ಮಂಜಿನ ಒತ್ತು, ಕನಸು ಕಲಸೋಯ್ತದೆ."

ಐವತ್ತು ವರ್ಷಗಳಲ್ಲಿ ಅವರು ಯಾರಿಗೂ ಹಾಗೆ ಎಡೆ ಕೊಟ್ಟವರಲ್ಲ! ಅದನ್ನು ಅರಿತು ಅವಳ ಕಣ್ಣು ತುಂಬಿತು. ಆದರೂ ತಲೆ ಬಾಗಲಿಲ್ಲ.

"ಕಲಸಿಲ್ಲ ತಾತ. ಆದ್ರೆ ಆ ದಾರೀಲಿ ನನಗೆ ಭಯ ಇರ್ಲಿಲ್ಲ. ಕುಣಿದುಬಿಡ್ಬೇಕು ಅನ್ನೋಷ್ಟು ಸಂತೋಷ ಇತ್ತು. ಅದಕ್ಕೇನು ಫಲ?"

"ಸಂತೋಸಕ್ಕೆ ಫಲ ನಮ್ಮಪ್ಪ ಯೋಳ್ಕೊಟ್ಟಿಲ್ಲ ಮಗ."

"ಇದೇ ಕನಸು ಕಂಡ ಗಂಡಸರು ಒಂಬತ್ತು ಜನ ನನ್ನ ಪುಸ್ತಕದಲ್ಲಿದ್ದಾರೆ. ಅವರಿಗೆಲ್ಲ ಎಳ್ಳೆಣ್ಣೆ ದೀಪ ಹಚ್ಚಿಸಿ ಕಳಿಸಿದ್ರಿ. ಕಂಡದ್ದನ್ನೇ ಹೇಳಿದ ಹೆಣ್ಣುಮಕ್ಕಳು ಐದು ಜನ. ಐದೂ ಮದುವೆ ಮುರೀತು. ಹೆಣ್ಣು ಗಂಡು ಅನ್ನೋದು ಕನಸಿಗೆ ಗೊತ್ತಾ ತಾತ?"

ಉತ್ತರ ಬರುವ ಮೊದಲೇ ಚನ್ನಬಸಮ್ಮ ಸಿಡಿದರು. "ತಿಳ್ದೂ ತಿಳ್ದೂ ನನ್ ಮಗನ್ ಮನೆಗೆ ಸಾವ್ ತತ್ತೀಯೇನವ್ವ?"

"ಅವ್ವ, ನಂಗೂ ಎರಡನೇದೊಂದು ಬಿತ್ತು," ಎಂದ ಮಲ್ಲಿಕಾರ್ಜುನ್, ನೆಲ ನೋಡುತ್ತ. "ಕೋಣದ ಮೇಲೆ ಕೂತು ತೆಂಕಲಿಗೇ ಹೋಗ್ತಿದ್ದೆ."

"ಥೂ! ಬಿಡ್ತು ಅನ್ನು!"

"ದಿನಾ ಎಮ್ಮೆ ಕೋಣ ಮುಟ್ಟೋನಿಗೆ ಇನ್ನೇನು ಬಿದ್ದೀತು? ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಬಾಗಿಲ ಹಿಂದೆ ಮಂಗಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಯನ ತಾತನ ಮುಂದೆ ಮಂಡಿಯೂರಿ ಕೂತಳು.

"ಫಲ ಹೇಳೋದು ನಿಮ್ಮ ಧರ್ಮ ತಾತ, ಹೇಳಿ. ಮದುವೆ ನಂದು. ನಾನು ಆಗ್ತೀನಿ."

ಮಂಜಿನೊಳಗಿಂದ ಒಂದು ಕಾಜಾಣ ಕೂಗಿತು. ಗುರುಮಲ್ಲಪ್ಪನವರು ಅವಳ ಮುಖವನ್ನೇ ದಿಟ್ಟಿಸಿದರು.

"ಫಲ ಕೆಟ್ಟದ್ದೇ. ನಿಂಗೋಸ್ಕರ ಅಂತ ನಾನು ತಿರುಚಾಕಿಲ್ಲ."

ಕಂಬ ಹಿಡಿದು ಎದ್ದರು. ಒಂದೊಂದೇ ಹೆಜ್ಜೆಯಿಟ್ಟು ಬಂದು ಮೊಮ್ಮಗಳ ಮಗ್ಗುಲಲ್ಲಿ ನಿಂತರು.

"ಆದ್ರೆ ತಾಳಿ ಕಟ್ಟೋ ದಿನ ಇಂಗೇ ನಿನ್ನ ಪಕ್ಕ ನಿಂತ್ಕತೀನಿ. ಬರೋದು ಏನಿದ್ರೂ ಮೊದ್ಲು ನನ್ನ ನೋಡ್ಲಿ!"

ಚನ್ನಬಸಮ್ಮ ಎದ್ದರು. "ನಾನು ಬರಾಕಿಲ್ಲ," ಎಂದರು. ಅಂಗಳ ದಾಟಿ, ಕಾರಿನ ಬಾಗಿಲು ತೆರೆದು, ಮಗನಿಗಾಗಿ ಒಂದು ಕ್ಷಣ ಕಾದರು. ಮಲ್ಲಿಕಾರ್ಜುನ್ ಚಾಪೆಯ ಮೇಲೆ ಕೂತೇ ಇದ್ದ. ಅವನ ಕಣ್ಣಲ್ಲಿ ನೀರಿತ್ತು. ಬಾಗಿಲು ಧಡ್ಡನೆ ಮುಚ್ಚಿತು, ಕಾರು ಮಂಜಿನಲ್ಲಿ ಕರಗಿತು. ಆ ಬೆಳಗು ವೀಳ್ಯ ಬದಲಾಗಲಿಲ್ಲ. ಮಾಘದಲ್ಲಿ ಮದುವೆಯಾಯಿತು, ಚನ್ನಬಸಮ್ಮ ಬರಲಿಲ್ಲ, ಗುರುಮಲ್ಲಪ್ಪನವರು ಕೊಟ್ಟ ಮಾತಿನಂತೆ, ಕಾಲು ನಡುಗಿದರೂ, ಕೊನೆಯವರೆಗೂ ನಿಂತಿದ್ದರು.

ಸಹೃದಯರೇ, ಮನುಷ್ಯನ ಭಯಕ್ಕೆ ಅರ್ಥ ಹೇಳುವವರು ಯುಗಯುಗಕ್ಕೂ ಹುಟ್ಟಿಬರುತ್ತಾರೆ. ಅವನ ಆನಂದ ಮಾತ್ರ ಹೇಳುವವರಿಲ್ಲದ ಅನಾಥಶಿಶುವಿನಂತೆ ಎದೆಯ ಮೂಲೆಯಲ್ಲಿ ಕೂತಿರುತ್ತದೆ. ಅದರ ಕೈ ಹಿಡಿದು ನಾಲ್ಕು ಜನರ ನಡುವೆ ತಂದು ನಿಲ್ಲಿಸಬಲ್ಲ ಒಂದು ಹೆಣ್ಣುಜೀವವಿದ್ದರೆ... ಆ ಜೀವಕ್ಕೆ ಬರುವುದು ಬರಲಿ ಎನ್ನುವ ಶಕ್ತಿಯೂ ತಾನಾಗಿಯೇ ಬರುತ್ತದೆ. ಪ್ರೀತಿ ನಮಗೆ ನಾಳೆಯ ಭರವಸೆ ಕೊಟ್ಟಿದ್ದು ಎಂದಾದರೂ ಉಂಟೇ? ಎದುರು ನಿಲ್ಲುವ ಎದೆಯನ್ನು ಕೊಡುತ್ತದೆ. ಬದುಕಲು ಅಷ್ಟು ಸಾಕು!