ಗೋಲಿನ ಬಾಯಲ್ಲಿ ಹನ್ನೆರಡು ಗುಂಡಿ

ಬಾವಿಗೆ ಪೂಜೆ ಮಾಡಿ ಮಾಡಿ, ಹೂವು, ಹಣ್ಣು, ತೆಂಗಿನ ಚಿಪ್ಪು ಸುರುವಿ ಸುರುವಿ, ಕಡೆಗೆ ಬಾವಿಯನ್ನೇ ತುಂಬಿಸಿ ನೀರಡಿಸಿ ಕುಂತ ಒಂದೂರಿತ್ತಂತೆ. ಅಜ್ಜಿ ದೇವಕಮ್ಮ ಆ ಕಥೆ ಹೇಳಿದಾಗಲೆಲ್ಲ ಪಂಚಶೀಲಾ ಬಿದ್ದು ಬಿದ್ದು ನಗುತ್ತಿದ್ದಳು. "ಅಂಥಾ ಊರು ಎಲ್ಲೈತಬೇ?" ಎಂದರೆ ಮುದುಕಿ ಎಲಡಿಕಿ ಉಗುಳಿ, "ದೂರ ಇಲ್ಲ ತಗೊ, ನಿನ್ನ ಕಾಲಿಗೇ ಸಿಗ್ತದ" ಅನ್ನುತ್ತಿದ್ದಳು.

ಕಾಲಿಗೆ ಸಿಕ್ಕಿದ್ದು ಒಂದು ಭಾನುವಾರ, ಬೆಳಿಗ್ಗೆ ಆರೂವರೆಗೆ, ಶಹಾಪುರದ ಮೈದಾನದಲ್ಲಿ. ಮೈದಾನ ಕಾಯುವ ಅಂಬ್ರಪ್ಪ ಹಾರೆ ಹಿಡಿದು ಗೋಲಿನ ಬಾಯಲ್ಲೇ ಗುಂಡಿ ತೋಡುತ್ತಿದ್ದ. ಆಗಲೇ ಒಂಬತ್ತು ಗುಂಡಿ ಆಗಿದ್ದವು.

ಪಂಚಶೀಲಾ ಆ ಗೋಲಿನ ಕಾವಲುಗಾರ್ತಿ. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಅಲ್ಲಿನ ಕಲ್ಲು ಆರಿಸಿ, ನೀರು ಹೊಡೆದು, ಕರಿಮಣ್ಣಿನ ಬಿರುಕು ಮುಚ್ಚಿ, ಜಿಗಿದು ಬಿದ್ದರೂ ಮೊಣಕೈ ತರಚದಂತೆ ನೆಲವನ್ನು ಹದ ಮಾಡಿಟ್ಟುಕೊಂಡಿದ್ದಳು. ತೊಟ್ಟಿಲ ಹಾಸಿಗೆಯ ಹಾಗಿತ್ತು ಆ ಜಾಗ.

"ಕಾಕಾ! ಏನ್ ಮಾಡಾಕತ್ತೀರಿ?"

"ಪೆಂಡಾಲಿಗೆ ಯವ್ವಾ. ಸಾಹೇಬ್ರು ಹೇಳ್ಯಾರ. ಸ್ಟೇಜಿನ ಮಾರಿ ಮೂಡಲಕ್ಕ ಇರಬೇಕಂತ. ಅಂದಮ್ಯಾಲ ಈ ಗೋಲಿನಾಗಽ ಬರ್ತದ." ಅಂಬ್ರಪ್ಪ ಅವಳ ಮುಖ ನೋಡಲಿಲ್ಲ. "ನಾ ಬ್ಯಾಡಂದೆ. ಕೇಳಬೇಕಲ್ಲ?"

ಸಾಹೇಬರೆಂದರೆ ರಂಗಣ್ಣ; ಹತ್ತಿ ಮಿಲ್ಲಿನ ಮಾಲೀಕ, ಸಗರನಾಡು ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ. ಹೆಣ್ಣುಮಕ್ಕಳಿಗೆ ಸಂಬಳ ಕೊಟ್ಟು ಲೀಗ್ ಆಡಿಸುವ ತಂಡ ಈ ಸೀಮೆಯಲ್ಲಿ ಅದೊಂದೇ. ಸಾಲಾಗಿ ಒಂಬತ್ತು ಪಂದ್ಯ ಸೋತಿತ್ತು. ಒಂದೇ ವರ್ಷದಲ್ಲಿ ಮೂವರು ಕೋಚ್ ಬಂದು ಹೋಗಿದ್ದರು. ಬರುವಾಗ ಮೂವರಿಗೂ ಶಾಲು, ಹಾರ, ಪೇಟ. ಆಮೇಲೆ ಯಾರನ್ನು ಆಡಿಸಬೇಕು, ಯಾರನ್ನು ಕೂಡಿಸಬೇಕು ಅಂತ ಮಿಲ್ಲಿನಿಂದಲೇ ರಂಗಣ್ಣನ ಫೋನು. ಹೋಗುವಾಗ ಅವರನ್ನು ಯಾದಗಿರಿ ಸ್ಟೇಷನ್ನಿಗೆ ಮುಟ್ಟಿಸುವವರೂ ಇರಲಿಲ್ಲ.

ಈ ತಿಂಗಳ ಕಡೆಯೊಳಗೆ ಒಳ್ಳೆಯ ಕೋಚ್ ಸಿಗದಿದ್ದರೆ ಹೆಸರು ಕಿತ್ತುಹಾಕುತ್ತೇವೆಂದು ಲೀಗಿನವರು ಬರೆದಿದ್ದರು. ತಂಡ ಹೋದರೆ ಪಂಚಶೀಲಾಳಿಗೆ ಕಾಯಲು ಬೇರೆ ಗೋಲು ಇರಲಿಲ್ಲ. ಇಪ್ಪತ್ತೇಳು ತುಂಬಿದ ಗೋಲ್‌ಕೀಪರನ್ನು ಯಾರು ಕರೆಯುತ್ತಾರೆ? ಅದಕ್ಕೇ ಅವಳು ಎಲ್ಲಿಂದಲೋ ಕೋಚ್ ಫರ್ಹತ ಮೇಡಮ್ಮರ ನಂಬರು ಹುಡುಕಿ, ಹಟ ಹಿಡಿದು ಫೋನು ಮಾಡಿ ಮಾಡಿ ಒಪ್ಪಿಸಿದ್ದಳು. ಮೇಡಂ ಮುಟ್ಟಿದ ತಂಡ ಎದ್ದು ನಿಲ್ಲುತ್ತದೆಂಬ ಮಾತಿತ್ತು. ಅವರು ಹೇಳಿದ್ದಿಷ್ಟೇ: "ಹಾರ ಬ್ಯಾಡ, ಭಾಷಣ ಬ್ಯಾಡ. ಒಂದೂವರೆ ತಾಸು ಹುಡುಗೇರ ಆಟ ತೋರಿಸು ಬೇಟಿ. ನೋಡಿ, ಬರ್ತೀನೋ ಇಲ್ಲೋ ಅಲ್ಲೇ ಹೇಳ್ತೀನಿ."

ಅದನ್ನು ರಂಗಣ್ಣನಿಗೆ ಅವಳು ಎರಡೆರಡು ಸಲ ಹೇಳಿದ್ದಳು. "ದೊಡ್ಡವರು ಹಂಗಽ ಅಂತಾರ" ಎಂದು ಅವನು ನಕ್ಕಿದ್ದ. "ಬ್ಯಾಡ ಅಂದಷ್ಟೂ ಜೋರ್ ಮಾಡಬೇಕು. ನಾಳಿ ಜನ ನಮ್ಮ ಮಾರಿಗೆ ಉಗುಳಬಾರದು."

ಎಂಟಕ್ಕೆ ಪೆಂಡಾಲು ಎದ್ದಿತು. ಗುಂಡಿಯಿಂದ ಬಂದ ಹದಮಣ್ಣನ್ನೆಲ್ಲ ಸ್ಟೇಜಿನ ಅಡಿಗೆ ಹಾಕಿ ತುಳಿದರು. ಇನ್ನೊಂದು ಗೋಲನ್ನು ಕಾರು ನಿಲ್ಲಿಸಲು ಕಿತ್ತು ಬೇಲಿಗೆ ಒರಗಿಸಿದರು. ಆಡುವ ಹುಡುಗಿಯರನ್ನು ಜರ್ಸಿಯಲ್ಲೇ ಸಾಲಾಗಿ ನಿಲ್ಲಿಸಿ ಕೈಗೆ ಕಳಸ ಕೊಟ್ಟರು. ಪಂಚಶೀಲಾಳ ಕೈಗೆ ಆರತಿ ತಟ್ಟೆ ಬಂತು. ಗವಸು ಬಿಚ್ಚಲಿಕ್ಕೂ ಬಿಡಲಿಲ್ಲ.

"ಅಕ್ಕಾ, ಕಳಸ ಬೀಳ್ಸಿದ್ರ ಫೌಲ್ ಏನು?" ಪಕ್ಕದಲ್ಲಿದ್ದ ಡಿಫೆಂಡರ್ ಉಮೆಸಲ್ಮಾ ಪಿಸುಗುಟ್ಟಿದಳು.

"ಬಾಯಿ ಮುಚ್ಚು."

"ಅಲ್ಲ, ಒಂಬತ್ತು ಮ್ಯಾಚಿನಾಗ ನಾವು ಇಷ್ಟ್ ನೆಟ್ಟಗ ಲೈನ್ ಹಿಡಿದಿಲ್ಲ ನೋಡು."

ಫರ್ಹತ ಮೇಡಂ ಯಾದಗಿರಿಯಿಂದ ಬಸ್ಸಿಗೆ ಬಂದರು. ಕಾಲಲ್ಲಿ ಆಟದ ಬೂಟು, ಕೊರಳಲ್ಲಿ ಸೀಟಿ. ಗೇಟಿನಲ್ಲಿ ನಿಂತು ಮೊದಲು ಕಿತ್ತ ಗೋಲು ನೋಡಿದರು, ಆಮೇಲೆ ಪೆಂಡಾಲು, ಆಮೇಲೆ ಕಳಸದ ಸಾಲು. ಪಂಚಶೀಲಾ ತಟ್ಟೆ ಎತ್ತಿದಳು. ಕುಂಕುಮದ ನೀರು ಗವಸಿನ ಮೇಲೆ ಚೆಲ್ಲಿತು.

"ಹಾರ ಬ್ಯಾಡ ಅಂತ ಫೋನಿನಾಗ ನಿನಗ ಹೇಳ್ದಾಕಿ ನಾನೇ ಅಲ್ವಾ?" ಎಂದರು ಮೇಡಂ, ಮೆಲ್ಲಗೆ.



ಭಾಷಣ ಮಾಡಿದವರು ಹದಿನಾಲ್ಕು ಜನ. ಫುಟ್‌ಬಾಲಿನಲ್ಲಿ ಎಷ್ಟು ಮಂದಿ ಆಡುತ್ತಾರೆಂದು ಅವರಲ್ಲಿ ಒಬ್ಬನೂ ಹೇಳಲಿಲ್ಲ. ಒಬ್ಬ ರಂಗಣ್ಣನನ್ನು ಆನೆಗೆ ಹೋಲಿಸಿದ, ಇನ್ನೊಬ್ಬ ಸಮುದ್ರಕ್ಕೆ. ಕಡೆಗೆ ಶಾಲು ಬಂತು. ಪಂಚಶೀಲಾ ಅದರ ಅಂಚಿನ ಎಣ್ಣೆ ಕಲೆ ಗುರುತಿಸಿದಳು. ಮೂರನೆಯ ಕೋಚ್ ಸಿಟ್ಟಿನಲ್ಲಿ ಕುರ್ಚಿಗೆ ಎಸೆದು ಹೋದದ್ದು. ಮಡಚಿ ಇಟ್ಟಿದ್ದರು, ಒಗೆದಿರಲಿಲ್ಲ. ಅದು ಫರ್ಹತ ಮೇಡಮ್ಮರ ಹೆಗಲಿಗೆ ಬಿತ್ತು. ಎಲ್ಲರೂ ಚಪ್ಪಾಳೆ ಹೊಡೆದರು.

ಬಿಸಿಲು ನೆತ್ತಿಗೆ ಬಂದಿತ್ತು. ಕಳಸ ಹಿಡಿದ ಹುಡುಗಿಯೊಬ್ಬಳು ಕುಸಿದು ಕುಳಿತಳು.

"ಪ್ರಾಕ್ಟೀಸ್ ಯಾವಾಗ್ರಿ?" ಎಂದು ಮೇಡಂ ಕೇಳಿದರು.

"ಊಟ ಆಗ್ಲಿ ಮೇಡಂ! ನಮ್ಮ ಕಡಿ ಮಟನ್ ಉಣ್ಣದೇ ಹೋಗ್ತೀರೇನು? ಆಟ ಎಲ್ಲಿ ಓಡಿ ಹೋಗ್ತದ?" ರಂಗಣ್ಣ ಹೊಟ್ಟೆ ಕುಣಿಸಿ ನಕ್ಕ.

ಪಂಚಶೀಲಾ ತಟ್ಟೆಯನ್ನು ನೆಲಕ್ಕಿಟ್ಟಳು. ಸ್ಟೇಜಿನ ಪಕ್ಕಕ್ಕೆ ಹೋಗಿ, ಗೋಲಿನಲ್ಲಿ ಉಳಿದಿದ್ದ ನಾಲ್ಕು ಹೆಜ್ಜೆ ಜಾಗದಲ್ಲಿ, ಗೋಲಿನ ಕಂಬಕ್ಕೂ ಪೆಂಡಾಲಿನ ಕಂಬಕ್ಕೂ ನಡುವೆ ನಿಂತಳು. "ಉಮೆಸಲ್ಮಾ, ಹೊಡಿ!"

ಉಮೆಸಲ್ಮಾ ಕಳಸ ಬಿಟ್ಟು ಚೆಂಡು ತಂದಳು. ಮೊದಲನೆಯದನ್ನು ಪಂಚಶೀಲಾ ಹಿಡಿದಳು. ಎರಡನೆಯದಕ್ಕೆ ಬಲಕ್ಕೆ ಹಾರಿ ಬೆರಳ ತುದಿಯಿಂದ ಹೊರಗೆ ತಳ್ಳಿದಳು. ಮೇಡಂ ಕುರ್ಚಿ ಬಿಟ್ಟು ಎದ್ದಿದ್ದರು. ಸೀಟಿ ಅವರ ತುಟಿಯ ಮೇಲಿತ್ತು. ಮೂರನೆಯದಕ್ಕೆ ಎಡಕ್ಕೆ ಹಾರಿದಳು. ಅಲ್ಲೊಂದು ಗುಂಡಿ, ಅಂಬ್ರಪ್ಪ ಅಳತೆ ತಪ್ಪಿ ತೋಡಿ ಹಾಗೇ ಬಿಟ್ಟದ್ದು. ಮೊಣಕೈ ಅದರೊಳಗೆ ಹೋಯಿತು. ಲಟ್ಟೆಂದದ್ದು ಸ್ಟೇಜಿಗೂ ಕೇಳಿಸಿತು.

ಮೊದಲು ಓಡಿ ಬಂದವರು ಮೇಡಂ. ಹೆಗಲ ಶಾಲನ್ನು ಹರಿದು ಕೈಯನ್ನು ಎದೆಗೆ ಕಟ್ಟಿದರು. ಆ ಶಾಲು ಒಂದು ಕೆಲಸಕ್ಕೆ ಬಂದದ್ದು ಅದೇ ಮೊದಲು.

"ಮೇಡಂ," ಪಂಚಶೀಲಾ ಹಲ್ಲು ಕಚ್ಚಿ ಕೇಳಿದಳು, "ಬರ್ತೀರೇನ್ರಿ?"

"ನೀ ಚಲೋ ಆಡ್ತಿ. ಆ ಹುಡುಗೀನೂ ಚಲೋ ಹೊಡೀತಾಳ. ಸೋಲೋ ತಂಡಕ್ಕ ನಾ ಅಂಜೂದಿಲ್ಲ ಬೇಟಿ." ಅವರು ಪೆಂಡಾಲಿನ ಕಡೆ ನೋಡಿದರು. ಅಲ್ಲಿ ಆಗಲೇ ಊಟಕ್ಕೆ ಸಾಲು ನಿಂತಿತ್ತು. "ಇವ್ರಿಗೆ ಅಂಜ್ತೀನಿ. ಬರೂದಿಲ್ಲ."

ಮೇಡಂ ಸುಳ್ಳು ಹೇಳಲಿಲ್ಲ ಎಂಬುದಷ್ಟೇ ಆ ದಿನ ಅವಳಿಗೆ ಸಿಕ್ಕ ಮರ್ಯಾದೆ.

ನಾಲ್ಕನೆಯ ದಿನ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಅವಳು ಮೈದಾನಕ್ಕೆ ಬಂದಳು. ಪೆಂಡಾಲು ಇಳಿದಿತ್ತು. ಹನ್ನೆರಡು ಗುಂಡಿಯ ಗೋಲಿನ ಬಾಯಿ ಹಲ್ಲು ಕಿತ್ತ ಮುದುಕನ ಬಾಯಿಯಂತೆ ತೆರೆದುಕೊಂಡಿತ್ತು. ಅಂಬ್ರಪ್ಪ ಗುದ್ದಲಿ ಹಿಡಿದು ಸುಮ್ಮನೆ ನಿಂತಿದ್ದ. ರಂಗಣ್ಣ ಕಾರಿನ ಕಿಟಕಿಯಿಂದ ಕೂಗುತ್ತಿದ್ದ:

"ಏ ಅಂಬ್ರಪ್ಪ, ಮುಚ್ಚಬ್ಯಾಡಲೇ ಅವನ್ನ! ಬರೋ ವಾರ ಇನ್ನೊಬ್ಬ ಕೋಚ್ ಬರಾಕತ್ಯಾನ, ಮತ್ತ ತೋಡೂದ್ಯಾಕ? ಆ ಮೇಡಂ ಸೊಕ್ಕಿನಾಕಿ. ಇವಂಗ ಬ್ಯಾಂಡ್ ಹಚ್ಚೂಣು."

ಪಂಚಶೀಲಾ ಅವನ ಕಾರಿನ ತನಕ ನಡೆದಳು. ಅಜ್ಜಿಯ ಹಾಗೆ ಪಕ್ಕಕ್ಕೆ ತಿರುಗಿ ಉಗುಳಿದಳು. ಕುಂಕುಮ ಹತ್ತಿದ ಗವಸುಗಳನ್ನು ಅವನ ತೊಡೆಯ ಮೇಲಿಟ್ಟಳು.

"ಗೋಲಿನಾಗ ಇನ್ನ ನೀವಽ ನಿಂದರ್ರಿ, ಅಧ್ಯಕ್ಷರ. ಶಾಲ್ ಹೊಚ್ಗೊಂಡು."