ಡುಮ್ಮಣ್ಣನ ಭಾರ

ಬೆತ್ತದ ಕುರ್ಚಿ ಹೆಣೆಯುವವನ ಅಂಗಡಿಯಲ್ಲಿ ಚಾಕು, ಸುತ್ತಿಗೆ, ನೀರಿನ ತೊಟ್ಟಿಗಳಷ್ಟೇ ಮುಖ್ಯವಾದ ಇನ್ನೊಂದು ಸಲಕರಣೆ ಇತ್ತು. ಅದು ಅವನ ಬಾಲ್ಯದ ಗೆಳೆಯ ಡುಮ್ಮಣ್ಣ. ಹೊಸ ಕುರ್ಚಿ ಹೆಣೆದು ಒಣಗಿದ ಮೇಲೆ, ಸಂಜೆ ಡುಮ್ಮಣ್ಣ ಅದರ ಮೇಲೆ ಕೂರಬೇಕು. ಅಂಗಡಿ ಮುಚ್ಚುವವರೆಗೂ ಏಳಬಾರದು. ಮರುದಿನ ಎಲ್ಲಾದರೂ ಎಳೆ ಸಡಿಲಾಗಿದ್ದರೆ ಬಿಗಿದು, ಆಮೇಲೆ ಎಳೆ ಕದಲದಂತೆ ಬೆಣೆ ಹೊಡೆಯುವುದು. ಬೇರೆ ಊರಿನವರು ಹೇಗೆ ಪರೀಕ್ಷೆ ಮಾಡುತ್ತಾರೋ ಗೊತ್ತಿಲ್ಲ. ಇಲ್ಲಿ ಮಾತ್ರ ಡುಮ್ಮಣ್ಣ ಕೂತೆದ್ದರೆ ಮುಗಿಯಿತು, ಗಿರಾಕಿ ಕಣ್ಣು ಮುಚ್ಚಿ ಒಯ್ಯುತ್ತಿದ್ದ.

ಡುಮ್ಮಣ್ಣ ಏನಾದರೂ ಹೊಗಳಲು ಹೊರಟರೆ ಗೆಳೆಯ ಚಹಾದ ಲೋಟ ಕೈಗಿಟ್ಟು, "ನಿನ್ನ ಬಾಯಿ ಬೇಡ, ಭಾರ ಸಾಕು" ಎಂದು ನಗುತ್ತಿದ್ದ.

ಗೆಳೆಯನಿಗೆ ಆ ಬಾಯಿ ಬೇಕಾದದ್ದು ಒಂದೇ ಒಂದು ಸಲ. ಡುಮ್ಮಣ್ಣ ಗುಮಾಸ್ತನಾಗಿದ್ದ ವಾಚನಾಲಯಕ್ಕೆ ಹೊಸ ಕುರ್ಚಿಗಳು ಬೇಕಾಗಿದ್ದವು. ಗೆಳೆಯ ಮಾದರಿಗೆಂದು ಒಂದು ಕುರ್ಚಿ ಹೊತ್ತು ತಂದು ಒಳಗಿಟ್ಟು, ಪಡಸಾಲೆಯ ಬೆಂಚಿನ ಮೇಲೆ ಕಾಯುತ್ತಿದ್ದ. ಹೊಸದಾಗಿ ಬಂದಿದ್ದ ಅಧಿಕಾರಿ ಅಂದು ಬೆಳಿಗ್ಗೆಯೇ, ತಮ್ಮವರಿಗೆ ಕೆಲಸ ಕೊಡಿಸುವ ಚಾಳಿ ಇಲ್ಲಿ ನಡೆಯುವುದಿಲ್ಲ ಎಂದು ಎಲ್ಲರಿಗೂ ಗದರಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಡುಮ್ಮಣ್ಣ ಕದಿಯದೆಯೇ ಹೆಗಲು ಮುಟ್ಟಿಕೊಂಡ. ಕೈಕೆಲಸದ ಈ ಕುರ್ಚಿ ತಾಳುತ್ತದೆಯೇ ಎಂದು ಅಧಿಕಾರಿ ನೇರವಾಗಿ ಅವನನ್ನೇ ಕೇಳಿದರು. ಇಡೀ ಊರಿನಲ್ಲಿ ಆ ಪ್ರಶ್ನೆಗೆ ಉತ್ತರ ಗೊತ್ತಿದ್ದ ಮನುಷ್ಯ ಇವನೊಬ್ಬನೇ.

"ನನಗೆ ಅಷ್ಟಾಗಿ ಗೊತ್ತಿಲ್ಲ ಸರ್" ಅಂದುಬಿಟ್ಟ.

ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಅಧಿಕಾರಿಯ ಕೋಣೆಗೆ ಬಾಗಿಲಿರಲಿಲ್ಲ, ಬರೀ ಒಂದು ಪರದೆ. ಬೆಂಚು ಪರದೆಯ ಪಕ್ಕದಲ್ಲೇ ಇತ್ತು.

ಸಂಜೆ ಡುಮ್ಮಣ್ಣ ಅಳುಕುತ್ತಲೇ ಅಂಗಡಿಗೆ ಹೋದ. ಗೆಳೆಯ ಎಂದಿನಂತೆ ಲೋಟ ಕೈಗಿಟ್ಟು ಒಣಗಿದ ಕುರ್ಚಿಯೊಂದನ್ನು ಮುಂದೆ ತಳ್ಳಿದ. ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ, ಕೇಳುವ ಎದೆಗಾರಿಕೆಯೂ ಇವನಿಗಿರಲಿಲ್ಲ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡದೆ ನುಂಗಿದ ಮಾತು ಎಲ್ಲಿಗೂ ಹೋಗುವುದಿಲ್ಲ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಆಮೇಲೂ ವರ್ಷಗಟ್ಟಲೆ ಆ ಅಂಗಡಿಯ ಚಹಾ ಕುಡಿದ, ನಾಚಿಕೆಗೆಟ್ಟವನು.

ಈಗ ಗೆಳೆಯನಿಲ್ಲ. ಅವನು ತೀರಿಕೊಂಡ ಮೇಲೆ ಡುಮ್ಮಣ್ಣ ಅಂಗಡಿಯ ಬೀದಿಯನ್ನೇ ಬಿಟ್ಟು ಸುತ್ತುಬಳಸಿ ಓಡಾಡುತ್ತಿದ್ದ. ಒಂದು ದಿನ ಗೆಳೆಯನ ಹೆಂಡತಿಯೇ ಹೇಳಿಕಳಿಸಿದಳು. ಮೊದಲಿನಿಂದಲೂ ಗಂಡನ ಜೊತೆ ಕೂತು ಹೆಣೆಯುತ್ತಿದ್ದವಳು ಅವಳು. ಊರಿನ ಮೇಷ್ಟ್ರೊಬ್ಬರು ಮನೆ ತುಂಬ ಕುರ್ಚಿ ಮಾಡಿಸಬೇಕೆಂದು ಬಂದಿದ್ದರು. ಅವಳು ಹೆಣೆದ ಮೊದಲ ಕುರ್ಚಿ ನೋಡಿ, ಹೆಂಗಸಿನ ಕೈಯ ಬಿಗಿ ಸಾಕೋ ಇಲ್ಲವೋ ಎಂದು ಅನುಮಾನಿಸುತ್ತಿದ್ದರು. ಈ ಕೆಲಸ ಕೈತಪ್ಪಿದರೆ ಅಂಗಡಿಗೆ ಬೀಗ ಹಾಕುವುದೇ ಗತಿಯಾಗಿತ್ತು.

ಡುಮ್ಮಣ್ಣ ಕೂತ. ಕುರ್ಚಿ ಕಿರ್ರೆನ್ನಲಿಲ್ಲ. ಮೇಷ್ಟ್ರು ಬಗ್ಗಿ ಅಡಿಯಿಂದ ನೋಡಿದರು, ಪಕ್ಕದಿಂದ ನೋಡಿದರು, ಗಲ್ಲ ಕೆರೆದುಕೊಂಡರು.

"ಅಣ್ಣಾ, ಇವತ್ತು ಭಾರ ಸಾಲದು. ಬಾಯೂ ಬೇಕು" ಎಂದಳು ಅವಳು.

ಡುಮ್ಮಣ್ಣ ಮೇಷ್ಟ್ರ ಕಡೆ ತಿರುಗಿದ. "ಗಟ್ಟಿಯಾಗಿದೆ ಮೇಷ್ಟ್ರೆ. ಈ ಅಂಗಡಿ ಕುರ್ಚಿ ಮೇಲೆ ಇಷ್ಟು ವರ್ಷ ಕೂತಿದ್ದೀನಿ. ಒಂದೂ ನನ್ನ ಬೀಳಿಸಿಲ್ಲ."

ಅಷ್ಟೇ. ಮೇಷ್ಟ್ರು ತಲೆಯಾಡಿಸಿ, ಮಿಕ್ಕ ಕುರ್ಚಿಗಳನ್ನೂ ಶುರುಮಾಡಲು ಹೇಳಿ ಹೋದರು. ಇಷ್ಟು ಸಲೀಸಾದ ಮಾತಾಗಿತ್ತೇ ಅದು ಎಂದು ಡುಮ್ಮಣ್ಣನಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು.

ಅವಳು ನೆಲದ ಮೇಲಿನ ಬೆತ್ತದ ಚೂರುಗಳನ್ನು ಗುಡಿಸುತ್ತ, ತಲೆಯೆತ್ತದೆ ಹೇಳಿದಳು: "ಅವತ್ತು ಪರದೆ ಆಚೆ ಕೂತು ಈ ಮಾತಿಗೇ ಕಾಯ್ತಿದ್ರು ಅವರು."

"ನನ್ನ ಹತ್ರ ಒಂದು ದಿನಾನೂ ಹೇಳ್ಲಿಲ್ಲ" ಎಂದ ಡುಮ್ಮಣ್ಣ, ಸಣ್ಣ ದನಿಯಲ್ಲಿ.

"ನಾನೂ ಕೇಳ್ದೆ, ಯಾಕೆ ಹೇಳ್ಲಿಲ್ಲ ಅಂತ. ಹೇಳಿದ್ರೆ ಅವನು ನಾಳೆಯಿಂದ ಬರೋದೇ ಇಲ್ಲ ಅಂದ್ರು."

ಡುಮ್ಮಣ್ಣನಿಗೆ ಎದ್ದು ಓಡಿಹೋಗಬೇಕೆನಿಸಿತು. ಆದರೆ ಹೊಸ ಕುರ್ಚಿ. ಅಂಗಡಿ ಮುಚ್ಚುವವರೆಗೂ ಏಳುವಂತಿರಲಿಲ್ಲ. ತಲೆ ತಗ್ಗಿಸಿಕೊಂಡು ಕೂತೇ ಇದ್ದ. ಅವಳು ಚಹಾಕ್ಕೆ ನೀರಿಟ್ಟಳು.